ಮೈಕಿನ ಜಗಳ ಮತ್ತು ಬೆಳಗಿನವರೆಗಿನ ಆಟ

ಪುತ್ತೂರು, ಸುಳ್ಯ, ಕಡಬ ಕಡೆಯ ನಮಗೆ ಸಂಗೀತ ಎಂದರೆ ಮೊದಲು ನೆನಪಾಗುವುದು ಆಟದ ಚೆಂಡೆ. ಯಕ್ಷಗಾನವನ್ನು ನಾವು ಆಟ ಅಂತಲೇ ಕರೆಯುವುದು. ಸಂಜೆ ಕೇಳಿ ಬಡಿದರೆ ಗುಡ್ಡದ ಆಚೆಗೂ ಗೊತ್ತಾಗುತ್ತಿತ್ತು, ಇವತ್ತು ಇಂಥವರ ಗದ್ದೆಯಲ್ಲಿ ಆಟ ಉಂಟು ಅಂತ. ಬೇಗ ಊಟ ಮುಗಿಸಿ, ಚಾಪೆ ಸುತ್ತಿಕೊಂಡು, ಟಾರ್ಚ್ ಹಿಡಿದು ಅಡಿಕೆ ತೋಟದ ದಾರಿಯಲ್ಲಿ ಸಾಲಾಗಿ ಹೋಗುತ್ತಿದ್ದೆವು.

ನಾವು ನಿದ್ದೆ ಮಾಡಿದ್ದೂ ಅಲ್ಲೇ, ಪದ ಕೇಳಿ ಎದ್ದದ್ದೂ ಅಲ್ಲೇ. ದೇವಿ ಮಹಾತ್ಮೆ ಆಟವಾದರೆ ನಡುರಾತ್ರಿ ಅಜ್ಜ ಬೆನ್ನು ತಟ್ಟಿ ಎಬ್ಬಿಸುತ್ತಿದ್ದರು: "ಏಳಿ ಮಕ್ಕಳೇ, ಮಹಿಷಾಸುರ ಬರುವ ಹೊತ್ತಾಯ್ತು." ಸೂಟೆಯ ಬೆಂಕಿ, ಅಬ್ಬರ, ಜನರ ನಡುವಿನಿಂದಲೇ ಓಡಿ ಬರುವ ಕೋಣ. ಅದೆಲ್ಲ ಮುಗಿದು ಮತ್ತೆ ಕಣ್ಣು ಕೂರಿದರೆ, ಎಚ್ಚರವಾಗುವಾಗ ಆಕಾಶ ಬೆಳ್ಳಗಾಗಿರುತ್ತಿತ್ತು. ಆ ಹೊತ್ತಿನ ಭಾಗವತರ ಸ್ವರ ರಾತ್ರಿಯ ಸ್ವರದ ಹಾಗಿರುತ್ತಿರಲಿಲ್ಲ. ದಣಿದಿರುತ್ತಿತ್ತು, ಆದರೆ ಅದರಲ್ಲೇ ಒಂದು ತೂಕ ಇರುತ್ತಿತ್ತು.

ಅದೇ ಗುಡ್ಡದ ಇನ್ನೊಂದು ಬದಿಯಲ್ಲಿ ಉರೂಸ್ ಆದರೆ ದಫ್ ಸದ್ದು ನಮ್ಮ ಅಂಗಳಕ್ಕೂ ಬರುತ್ತಿತ್ತು. ಎರಡೂ ಕಡೆಗೆ ಮೈಕ್ ಸೆಟ್ಟು ಒಬ್ಬರದ್ದೇ. "ನನ್ನ ಮೈಕಿಗೆ ಜಾತಿ ಇಲ್ಲ ಮಾರಾಯ, ಕರೆಂಟ್ ಒಂದು ಇದ್ದರೆ ಸಾಕು" ಅಂತ ಅವರು ನಗುತ್ತಿದ್ದರು. ಆಟದ ಗದ್ದೆಯ ಬದಿಯಲ್ಲಿ ಪೆಟ್ರೋಮ್ಯಾಕ್ಸ್ ಇಟ್ಟುಕೊಂಡು ಕಡ್ಲೆ, ಚರುಂಬುರಿ ಮಾರುತ್ತಿದ್ದವರು ನಮ್ಮೂರಿನ ಬ್ಯಾರಿಯವರು. ಅವರಿಗೆ ಪ್ರಸಂಗದ ಕಥೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಯಾವ ಪದದ ಹೊತ್ತಿಗೆ ಜನ ಎದ್ದು ಬರುತ್ತಾರೆ ಅಂತ ತಿಳಿದೇ ಚಹಾ ಕುದಿಸಲು ಇಡುತ್ತಿದ್ದರು.

ಈಗ ಆ ಮೈಕಿಗೆ ಜಾತಿ ಬಂದಿದೆ, ಪಕ್ಷವೂ ಬಂದಿದೆ. ಅದು ಹೇಗೆ ಬಂತು ಅಂತ ನೆನಪಿಸಿಕೊಳ್ಳುವುದು ಒಳ್ಳೆಯದು. ಯಾಕೆಂದರೆ ಪ್ರತಿ ಚುನಾವಣೆಯಲ್ಲೂ ಅದನ್ನು ಬೇರೆ ಬೇರೆ ಥರ ಹೇಳುವವರು ಬರುತ್ತಾರೆ.

2022ರ ಮಾರ್ಚ್, ಏಪ್ರಿಲ್‌ನಲ್ಲಿ ಕರಾವಳಿಯ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗ ಇಲ್ಲ ಎಂಬ ಬ್ಯಾನರ್‌ಗಳು ಎದ್ದವು. ಅದರ ಬೆನ್ನಿಗೇ ಮಸೀದಿಯ ಮೈಕಿನ ವಿಷಯ ಬಂತು. ಮೇ ತಿಂಗಳಲ್ಲಿ ಆಜಾನ್‌ಗೆ ಎದುರಾಗಿ ಬೆಳಗ್ಗೆ ಹನುಮಾನ್ ಚಾಲೀಸಾ ಹಾಕುವ ಅಭಿಯಾನ ನಡೆಯಿತು. ಮರುದಿನವೇ, ಮೇ 10ರಂದು, ರಾಜ್ಯ ಸರಕಾರ ಆದೇಶ ಹೊರಡಿಸಿತು: ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಇಲ್ಲ, ಉಳಿದ ಹೊತ್ತಿನಲ್ಲಿ ಬಳಸಲು ಲಿಖಿತ ಅನುಮತಿ ಬೇಕು. "ಆಯ್ತು, ಅವರ ಮೈಕ್ ಇಳಿಯಿತು" ಅಂತ ಖುಷಿಪಟ್ಟವರನ್ನು ನಾವು ನಮ್ಮೂರಿನ ಅಂಗಡಿ ಕಟ್ಟೆಯಲ್ಲೇ ಕಂಡಿದ್ದೇವೆ.

ಸುಮಾರು ಆರು ತಿಂಗಳು ಕಳೆದಿತ್ತು, ಅಷ್ಟೆ. ನವೆಂಬರ್‌ನಲ್ಲಿ ಕಟೀಲಿನ ಆರೂ ಮೇಳಗಳು ತಿರುಗಾಟಕ್ಕೆ ಹೊರಟಾಗ ಬೆಳಗಿನವರೆಗಿನ ಆಟ ನಿಂತು ಕಾಲಮಿತಿ ಬಂದಿತ್ತು. ಅದೇ ಹತ್ತು ಗಂಟೆಯ ನಿಯಮ. ಮಸೀದಿಯ ಕಡೆಗೆ ಬೀಸಿದ ಕತ್ತಿ ರಂಗಸ್ಥಳಕ್ಕೂ ತಾಗಿತು. ತಾಗದೆ ಇರುವುದು ಹೇಗೆ? ಕಾಗದದ ಮೇಲಿನ ಕಾನೂನಿಗೆ ಆಜಾನ್ ಯಾವುದು, ಭಾಗವತಿಕೆ ಯಾವುದು ಅಂತ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಗಂಟೆ ಮತ್ತು ಡೆಸಿಬೆಲ್ ಮಾತ್ರ.

ಕಾನೂನೇ ಕೆಟ್ಟದ್ದು ಅಂತ ನಾವು ಹೇಳುವುದಿಲ್ಲ. ಈ ನಿಯಮ ಬಂದದ್ದು 2000ದಲ್ಲಿ. ಅದನ್ನು ಕಟ್ಟುನಿಟ್ಟಾಗಿ ಪಾಲಿಸಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2005ರ ಜುಲೈ 18ರ ತೀರ್ಪಿನಲ್ಲಿ. ಆ ಮೊಕದ್ದಮೆಯ ಹಿಂದೆ ಒಂದು ಸುದ್ದಿ ಇತ್ತು. 13 ವರ್ಷದ ಹುಡುಗಿಯ ಮೇಲೆ ಅತ್ಯಾಚಾರವಾಗುವಾಗ ಅವಳು ಕೂಗಿಕೊಂಡದ್ದು ಪಕ್ಕದ ಧ್ವನಿವರ್ಧಕದ ಅಬ್ಬರದಲ್ಲಿ ಯಾರಿಗೂ ಕೇಳಿಸಲಿಲ್ಲ. ಇದನ್ನು ಓದಿದ ಮೇಲೆ "ನಮ್ಮ ಸಂಪ್ರದಾಯ, ನಮ್ಮ ಮೈಕ್" ಅಂತ ಎದೆ ತಟ್ಟಿಕೊಳ್ಳಲು ನಮಗೆ ಆಗುವುದಿಲ್ಲ. ಹಾಸಿಗೆ ಹಿಡಿದ ಅಜ್ಜಿ, ಹಸಿ ಬಾಣಂತಿ, ಮರುದಿನ ಪರೀಕ್ಷೆ ಇರುವ ಮಕ್ಕಳು ನಮ್ಮ ಮನೆಗಳಲ್ಲೂ ಇದ್ದಾರೆ.

ಕಾಲಮಿತಿ ಆಟದಲ್ಲೂ ಒಳ್ಳೆಯದಿದೆ. ಧರ್ಮಸ್ಥಳ ಮೇಳ 2022ರ ಆದೇಶಕ್ಕೆ ಮೊದಲೇ ಕಾಲಮಿತಿಗೆ ಬಂದಿತ್ತು. ನಮ್ಮ ಪುತ್ತೂರು ತಾಲೂಕಿನ ಈಶ್ವರಮಂಗಲದ ಹನುಮಗಿರಿ ಮೇಳದ ಆಟವೂ ಕಾಲಮಿತಿಯದ್ದೇ. ಮರುದಿನ ಕೆಲಸಕ್ಕೆ ಹೋಗುವವರು ಈಗ ಪೂರ್ತಿ ಆಟ ನೋಡಿ ಮನೆಗೆ ಹೋಗಿ ಮಲಗಬಹುದು. ನಮ್ಮ ಅಮ್ಮಂದಿರಲ್ಲಿ ಎಷ್ಟೋ ಮಂದಿಗೆ ಇದೇ ಇಷ್ಟ.

ಆದರೆ ಮೇಳ ತಾನಾಗಿ ಆರಿಸಿಕೊಳ್ಳುವುದು ಬೇರೆ, ಹೆದರಿ ನಿಲ್ಲಿಸುವುದು ಬೇರೆ. ಕಳಕೊಳ್ಳುವುದೇನು ಅಂತಲೂ ನೋಡಬೇಕು. ಬೆಳಗಿನವರೆಗಿನ ಆಟ ಕಲಿಯುವವರ ಶಾಲೆ. ಮೊದಲು ಪೂರ್ವರಂಗ. ಅಲ್ಲಿ ಹಾಡುವುದು ಕಲಿಯುತ್ತಿರುವ ಹುಡುಗರು, ಕುಣಿಯುವುದೂ ಹೊಸ ಹುಡುಗರು. ತಪ್ಪಿದರೂ ಯಾರೂ ಗದರುವುದಿಲ್ಲ, ಜನ ಇನ್ನೂ ಬರುತ್ತಿರುತ್ತಾರೆ. ಮುಖ್ಯ ಭಾಗವತರು ಕೂರುವುದು ರಾತ್ರಿ ಬೆಳೆದ ಮೇಲೆ. ಹೊತ್ತು ಕಮ್ಮಿಯಾದಾಗ ಮೊದಲು ಕತ್ತರಿ ಬೀಳುವುದು ಈ ಪೂರ್ವರಂಗಕ್ಕೆ. ನಡುರಾತ್ರಿ ಬರಬೇಕಾದ ಮಹಿಷಾಸುರ ಊಟದ ಹೊತ್ತಿಗೇ ಬಂದುಬಿಡುತ್ತಾನೆ.

ಕಟೀಲು ಮೇಳದಲ್ಲಿ ದಶಕಗಳ ಕಾಲ ಹಾಡಿದ ಬಲಿಪ ನಾರಾಯಣ ಭಾಗವತರು ಐದು ದಿನ ಆಡುವಷ್ಟು ದೊಡ್ಡ ದೇವಿ ಮಹಾತ್ಮೆ ಪ್ರಸಂಗ ಬರೆದವರು. ಏರು ಶ್ರುತಿಯ ಅವರ ಸ್ವರ ಗುಡ್ಡಕ್ಕೆ ತಾಗಿ ಬರುತ್ತಿತ್ತು. 2023ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ, ಅವರ ಮೇಳ ಅವರ ಕಾಲದ ಹಾಗೆ ಬೆಳಗು ಮಾಡುತ್ತಿರಲಿಲ್ಲ. ಗಂಡಿನ ಸ್ವರಕ್ಕಾಗಿಯೇ ಇದ್ದ ಜಾಗದಲ್ಲಿ ಕೂತು ತೆಂಕುತಿಟ್ಟಿನ ಮೊದಲ ವೃತ್ತಿಪರ ಮಹಿಳಾ ಭಾಗವತರೆನಿಸಿಕೊಂಡ ಲೀಲಾವತಿ ಬೈಪಾಡಿತ್ತಾಯರೂ 2024ರ ಡಿಸೆಂಬರ್‌ನಲ್ಲಿ ಹೋದರು. ಅವರು ಭಾಗವತಿಕೆ ಕಲಿತದ್ದು ಚೆಂಡೆ, ಮದ್ದಳೆ ಬಲ್ಲ ಗಂಡನಿಂದ. ಮೇಳ ತಿರುಗಿ, ನಿದ್ದೆಗೆಟ್ಟು ಹಾಡಿ ಗಟ್ಟಿಯಾದ ಇಂಥ ಸ್ವರಗಳು ಮೂರು ಗಂಟೆಯ ಆಟದಲ್ಲಿ ಮಾತ್ರ ಬೆಳೆಯುತ್ತವೆಯೇ? ನಮಗೆ ಅನುಮಾನ.

ಮತ್ತೆ ರಾಜಕೀಯಕ್ಕೆ ಬರೋಣ. 2024ರ ಜನವರಿಯಲ್ಲಿ, ಮಕರ ಸಂಕ್ರಮಣದಿಂದ, ಹೈಕೋರ್ಟ್ ಆದೇಶದ ಆಧಾರದಲ್ಲಿ ಕಟೀಲು ಮೇಳಗಳ ಆಟ ಮತ್ತೆ ಬೆಳಗಿನವರೆಗೆ ಶುರುವಾಯಿತು, ಶಬ್ದದ ಮಿತಿ ಪಾಲಿಸಬೇಕು ಎಂಬ ಷರತ್ತಿನೊಂದಿಗೆ. 2025ರಲ್ಲಿ ಜಿಲ್ಲೆಯಲ್ಲಿ ಕೊಲೆಗಳಾದ ಮೇಲೆ ಪೊಲೀಸರು ಮೈಕಿನ ನಿಯಮವನ್ನು ಮತ್ತೆ ಬಿಗಿ ಮಾಡಿದರು. ಮೊಸರು ಕುಡಿಕೆ, ಗಣೇಶೋತ್ಸವ, ನಾಟಕದವರು, ಸೌಂಡ್ಸ್, ಶಾಮಿಯಾನದವರು ಎಲ್ಲರಿಗೂ ಬಿಸಿ ಮುಟ್ಟಿತು. ಈ ಸಲ ಬೈಗುಳ ಇನ್ನೊಂದು ಪಕ್ಷಕ್ಕೆ.

ಸ್ವಲ್ಪ ಲೆಕ್ಕ ಹಾಕಿ. ನಿಯಮ ಮಾಡಿದ 2000ದಲ್ಲಿ ಕೇಂದ್ರದಲ್ಲಿ ಇದ್ದದ್ದು ಬಿಜೆಪಿ ನೇತೃತ್ವದ ಸರಕಾರ. 2022ರ ಆದೇಶ ಹೊರಡಿಸಿದ್ದು ರಾಜ್ಯದ ಬಿಜೆಪಿ ಸರಕಾರ. 2025ರಲ್ಲಿ ಬಿಗಿ ಮಾಡಿದ್ದು ಕಾಂಗ್ರೆಸ್ ಸರಕಾರದ ಪೊಲೀಸರು. ಅಧಿಕಾರದಲ್ಲಿದ್ದಾಗ ಎಲ್ಲರಿಗೂ ಕಾನೂನು ನೆನಪಾಗುತ್ತದೆ, ಇಲ್ಲದಾಗ ಸಂಸ್ಕೃತಿ ನೆನಪಾಗುತ್ತದೆ.

ಇನ್ನೊಂದು ವಿಷಯ ವೇದಿಕೆಯ ಮೇಲೆ ಯಾರೂ ಹೇಳುವುದಿಲ್ಲ. ಈ ನಿಯಮ ಇರುವುದು ಕೇಂದ್ರದ 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ. ಅದರ ಪ್ರಕಾರ ರಾಜ್ಯ ಸರಕಾರ ರಾತ್ರಿ 10ರಿಂದ 12ರವರೆಗೆ ಸಡಿಲಿಕೆ ಕೊಡಬಹುದು, ಅದೂ ವರ್ಷಕ್ಕೆ 15 ದಿನಕ್ಕಿಂತ ಹೆಚ್ಚಿಲ್ಲ. ಮೇಳಗಳ ತಿರುಗಾಟ ನವೆಂಬರ್‌ನಿಂದ ಮೇ ತನಕ. ಹದಿನೈದು ದಿನ ಎಲ್ಲಿಗೆ ಸಾಕು? ಹಾಗಾಗಿ ಬಯಲಾಟದಂಥ ಕಲೆಗೆ ಬೇರೆ ದಾರಿ ಬೇಕಿದ್ದರೆ ನಿಯಮ ತಿದ್ದಬೇಕಾದ್ದು ದಿಲ್ಲಿಯಲ್ಲಿ. ಠಾಣೆಯ ಎದುರು ಘೋಷಣೆ ಕೂಗುವ ನಾಯಕರು ಅದರ ಬದಲು ತಮ್ಮ ಸಂಸದರಿಗೆ ಒಂದು ಪತ್ರ ಬರೆದಿದ್ದರೆ ಆಟಕ್ಕೆ ಹೆಚ್ಚು ಉಪಕಾರವಾಗುತ್ತಿತ್ತು.

"ಕಲೆಯಲ್ಲಿ ರಾಜಕೀಯ ತರಬೇಡಿ" ಅನ್ನುವವರಿಗೆ ನಮ್ಮದೊಂದು ಮಾತು. ಪುತ್ತೂರಿನ ಬಾಲವನದಲ್ಲಿ ಬಾಳಿದ ಶಿವರಾಮ ಕಾರಂತರು ಯಕ್ಷಗಾನದ ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೊಫೋನ್ ಸೇರಿಸಿ ಪ್ರಯೋಗ ಮಾಡಿದವರು. ಅದೇ ಕಾರಂತರು ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಪದ್ಮಭೂಷಣ ಹಿಂದಿರುಗಿಸಿದರು. 1989ರಲ್ಲಿ ಪರಿಸರದ ಪರವಾಗಿ ಲೋಕಸಭೆ ಚುನಾವಣೆಗೂ ನಿಂತು ಸೋತರು. ಕಲೆಯವರು ರಾಜಕೀಯ ಮಾತಾಡಬಾರದು ಅಂತ ನಮ್ಮ ಊರು ಯಾವತ್ತೂ ಕಲಿಸಿಲ್ಲ.

ನಮಗೆ ಬೇಕಾದ್ದು ದೊಡ್ಡದೇನೂ ಅಲ್ಲ. ಅಳೆಯುವುದಾದರೆ ಮೀಟರ್ ಹಿಡಿದು ಅಳೆಯಿರಿ, ಬಾವುಟದ ಬಣ್ಣ ನೋಡಿ ಬೇಡ. ಆಜಾನ್, ಸುಪ್ರಭಾತ, ಡಿಜೆ, ಗಾನಮೇಳ, ಪಕ್ಷದ ಸಭೆ ಎಲ್ಲಕ್ಕೂ ಒಂದೇ ಮೀಟರ್. ವಸತಿ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬೆಲ್ ಅಂತ ನಿಯಮದಲ್ಲಿದೆ. ಹತ್ತು ಡೆಸಿಬೆಲ್ ಏರಿದರೆ ಕಿವಿಗೆ ಸದ್ದು ಸುಮಾರು ಇಮ್ಮಡಿ ಆದ ಹಾಗೆ.

ಆಟ ಆಡಿಸುವವರಿಗೂ ಕೆಲಸ ಇದೆ. ನಾಲ್ಕು ದಿಕ್ಕಿನ ತೆಂಗಿನ ಮರಕ್ಕೆ ಹಾರ್ನ್ ಕಟ್ಟುವುದು ಯಾಕೆ? ಎದುರು ಕೂತವರಿಗೆ ಕೇಳಿಸಿದರೆ ಸಾಕಲ್ಲ? ಚೆಂಡೆಗಂತೂ ಮೈಕಿನ ಹಂಗೇ ಇಲ್ಲ. ಬಾಕ್ಸುಗಳನ್ನು ಕೆಳಗಿಟ್ಟು ಜನರ ಕಡೆ ತಿರುಗಿಸಿ. ಆಟಕ್ಕೆ ಮೊದಲು ಪಕ್ಕದ ನಾಲ್ಕು ಮನೆಗೆ ಹೋಗಿ ಹೇಳಿ ಬನ್ನಿ, ಅದು ಯಾರ ಮನೆಯೇ ಆಗಲಿ. ಹಿಂದೆ ಹಾಗೇ ಹೇಳುತ್ತಿದ್ದರು, ಹೇಳಿದ ಮೇಲೆ ಅವರೂ ಆಟಕ್ಕೆ ಬರುತ್ತಿದ್ದರು.

ಮುಂದಿನ ಸಲ ಮತ ಕೇಳಲು ಅಂಗಳಕ್ಕೆ ಬಂದವರಲ್ಲಿ ಎರಡೇ ಪ್ರಶ್ನೆ ಕೇಳಿ. ಹದಿನೈದು ದಿನದ ಆ ನಿಯಮ ತಿದ್ದಲು ನೀವು ಏನು ಮಾಡಿದ್ದೀರಿ? ಆಟದ ಗದ್ದೆಯ ಬದಿಯಲ್ಲಿ ಕಡ್ಲೆ ಮಾರುತ್ತಿದ್ದವರು ಮತ್ತೆ ಅಲ್ಲಿ ಬಂದು ಕೂರಬಹುದೇ? ಉತ್ತರ ಕೇಳಿಸಿಕೊಂಡು, ಆಮೇಲೆ ಚಹಾ ಕೊಡಿ.