ಹುಣಸೆ ಬೀಜದ ಲೆಕ್ಕ

ನಮ್ಮ ಕಡೆ ಯುಗಾದಿಯ ದಿನಗಳಲ್ಲಿ ಇಸ್ಪೀಟು ಆಡಿದರೆ ಯಾರೂ ಬೈಯುವುದಿಲ್ಲ. ಚನ್ನರಾಯಪಟ್ಟಣದ ಹತ್ತಿರದ ನಮ್ಮೂರಲ್ಲಿ ಒಬ್ಬಟ್ಟು ಉಂಡ ಗಂಡಸರೆಲ್ಲ ಅರಳಿಕಟ್ಟೆಯ ಮೇಲೆ, ತೆಂಗಿನ ತೋಟದ ನೆರಳಲ್ಲಿ ಗುಂಪುಗುಂಪಾಗಿ ಅಂದರ್ ಬಾಹರ್‌ಗೆ ಕೂರುತ್ತಿದ್ದರು. ನನ್ನ ಸೋದರಮಾವ ಮಾತ್ರ ಹೊರಡುವ ಮುಂಚೆ ಅತ್ತೆಯನ್ನು ಕರೆದು ಪರ್ಸನ್ನು ಅವರ ಕೈಗೆ ಕೊಟ್ಟು, ಇನ್ನೂರು ರೂಪಾಯಿಯನ್ನಷ್ಟೇ ಅಂಗಿ ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದ. ಅದು ಮುಗಿದ ಕೂಡಲೇ ಟವೆಲ್ಲು ಕೊಡವಿ ಎದ್ದು ಬರುತ್ತಿದ್ದ. "ಆಡೋಕೆ ಎಲ್ರಿಗೂ ಬತ್ತದೆ ಕಣ್ಲಾ, ಎದ್ದು ಬರೋದು ಕಷ್ಟ" ಎನ್ನುತ್ತಿದ್ದ. ಮಾವನದು ಗಟ್ಟಿ ಮನಸ್ಸು ಅಂತ ನಾನು ಅಂದುಕೊಂಡಿದ್ದೆ. ಅದು ತಪ್ಪು ಅಂತ ತಿಳಿಯುವುದಕ್ಕೆ ನನಗೆ ಒಂದು ಲಕ್ಷ ತೊಂಬತ್ತು ಸಾವಿರ ರೂಪಾಯಿ ಖರ್ಚಾಯಿತು.

ಪೋಕರ್ ಕಲಿತದ್ದು ಮೈಸೂರಿನ ಹಾಸ್ಟೆಲಿನಲ್ಲಿ. ದುಡ್ಡಿಟ್ಟು ಆಡುವ ತಾಕತ್ತು ಯಾರಿಗೂ ಇರಲಿಲ್ಲ. ಮನೆಯಿಂದ ತಂದ ಹುಣಸೆ ಬೀಜಗಳೇ ನಮ್ಮ ನಾಣ್ಯ, ತಲೆಗೆ ನೂರು. ಎಲ್ಲ ಕಳೆದುಕೊಂಡವನು ಮಿಕ್ಕವರಿಗೆ ಟೀ ಕುಡಿಸಬೇಕು. ಕಲಿಸಿದ ಸೀನಿಯರ್ ಮೊದಲು ಲೆಕ್ಕ ಹೇಳಿಕೊಟ್ಟ. ನಿನ್ನ ಕೈಯ ಎರಡೂ ಎಲೆ ಆಟೀನು, ನೆಲದ ಮೇಲಿನ ನಾಲ್ಕರಲ್ಲಿ ಎರಡು ಆಟೀನು. ಇನ್ನೊಂದು ಎಲೆ ಬರುವುದು ಬಾಕಿ. ಅದೂ ಆಟೀನಾದರೆ ಗೆದ್ದೆ. ನಿನಗೆ ಕಾಣದ ಎಲೆ 46, ಅದರಲ್ಲಿ ಆಟೀನು 9. ಅಂದರೆ ಗೆಲ್ಲುವ ಸಾಧ್ಯತೆ ನೂರಕ್ಕೆ ಇಪ್ಪತ್ತಕ್ಕಿಂತ ಸ್ವಲ್ಪ ಕಡಿಮೆ. ಈಗ ಮಧ್ಯದಲ್ಲಿ 30 ಬೀಜ ಬಿದ್ದಿವೆ, ಮುಂದುವರಿಯಲು ನೀನು 10 ಹಾಕಬೇಕು. 40ಕ್ಕೆ 10 ಹಾಕುವವನು ನೂರಕ್ಕೆ ಇಪ್ಪತ್ತೈದು ಸಲವಾದರೂ ಗೆಲ್ಲಬೇಕು, ಇಲ್ಲದಿದ್ದರೆ ನಷ್ಟ. ಹಾಗಾಗಿ ಎಲೆ ಮುಚ್ಚಿ ಕೂತುಬಿಡು. ಮುಚ್ಚಿದ ಮೇಲೆ ಆಟೀನೇ ಬಂದರೂ ನೀನು ಮಾಡಿದ್ದು ಸರಿ.

ಆ ಕೊನೆಯ ಮಾತು ಅರಗಿಸಿಕೊಳ್ಳಲು ನನಗೆ ಒಂದು ಸೆಮಿಸ್ಟರ್ ಬೇಕಾಯಿತು. ಎರಡು ಎಕ್ಕ ಕೈಗೆ ಬಂದಾಗ, ಎದುರಿಗೆ ಒಬ್ಬನೇ ಇದ್ದು ಅವನ ಕೈಯಲ್ಲಿ ಯಾವ ಎಲೆಯಾದರೂ ಇರಬಹುದಾದಾಗ, ನೂರಕ್ಕೆ ಸುಮಾರು 85 ಸಲ ನಾವು ಗೆಲ್ಲುತ್ತೇವೆ. ಮಿಕ್ಕ 15 ಸಲ ಏನೂ ತಪ್ಪು ಮಾಡದೆ ಸೋಲುತ್ತೇವೆ. ಸೋತದ್ದಕ್ಕೆ ನಿರ್ಧಾರ ಕೆಟ್ಟದ್ದಾಗುವುದಿಲ್ಲ, ಗೆದ್ದದ್ದಕ್ಕೆ ಒಳ್ಳೆಯದೂ ಆಗುವುದಿಲ್ಲ. ಅನ್ಯಾಯವಾಗಿ ಸೋತೆನೆಂಬ ಸಿಟ್ಟಿನಲ್ಲಿ ಮುಂದಿನ ಆಟಗಳನ್ನು ಹಾಳು ಮಾಡಿಕೊಳ್ಳುವುದಕ್ಕೆ ಪೋಕರ್ ಮಂದಿ 'ಟಿಲ್ಟ್' ಎನ್ನುತ್ತಾರೆ. ನಮ್ಮೂರಲ್ಲಿ ಅದಕ್ಕೆ 'ತಲೆಗೆ ಏರಿತು' ಎನ್ನುತ್ತಾರೆ.

ಬೆಂಗಳೂರಿಗೆ ಕೆಲಸಕ್ಕೆ ಬಂದ ಮೇಲೆ, 2023ರಲ್ಲಿ, ಫೋನಿನಲ್ಲೇ ನಿಫ್ಟಿಯ ಆಪ್ಷನ್ ಕೊಳ್ಳಲು ಶುರು ಮಾಡಿದೆ. ಪೋಕರ್ ಬಲ್ಲವನಿಗೆ ಇದು ಚಿಕ್ಕಪ್ಪನ ಮನೆಯಂತೆ ಕಂಡಿತು. ಇಲ್ಲೂ ಅರ್ಧ ಎಲೆ ಮುಚ್ಚಿರುತ್ತವೆ, ಇಲ್ಲೂ ಸಾಧ್ಯತೆಯ ಲೆಕ್ಕ, ಇಲ್ಲೂ ಎದುರಿನವನು ಏನು ಯೋಚಿಸುತ್ತಿದ್ದಾನೆಂಬ ಊಹೆ. ಹೀಗೆ ಅಂದುಕೊಂಡವನು ನಾನೊಬ್ಬನೇ ಅಲ್ಲ. ಗಣಿತದ ಪ್ರಾಧ್ಯಾಪಕ ಎಡ್ವರ್ಡ್ ಥಾರ್ಪ್ 1962ರಲ್ಲಿ ಬ್ಲ್ಯಾಕ್‌ಜಾಕ್ ಎಂಬ ಇಸ್ಪೀಟಾಟವನ್ನು ಗೆಲ್ಲುವುದು ಹೇಗೆಂದು ಪುಸ್ತಕ ಬರೆದ, 1967ರಲ್ಲಿ ಮಾರುಕಟ್ಟೆಯ ಬಗ್ಗೆ ಇನ್ನೊಂದನ್ನು ಬರೆದ, ಆಮೇಲೆ ಹೂಡಿಕೆ ನಿಧಿಯನ್ನೇ ನಡೆಸಿದ. ಎರಡೂ ಕಡೆ ಅವನು ನೆಚ್ಚಿಕೊಂಡದ್ದು ಬೆಲ್ ಲ್ಯಾಬ್ಸ್‌ನ ಜಾನ್ ಕೆಲ್ಲಿ 1956ರಲ್ಲಿ ಕೊಟ್ಟ ಸೂತ್ರವನ್ನು. ಇಟ್ಟಷ್ಟೇ ಹಣ ಗೆಲ್ಲುವ ಪಂದ್ಯದಲ್ಲಿ ನೂರಕ್ಕೆ ಅರವತ್ತು ಸಲ ನೀನೇ ಗೆಲ್ಲುತ್ತೀ ಎಂದು ಖಚಿತವಿದ್ದರೂ, ಕೈಯಲ್ಲಿರುವುದರ ಐದನೇ ಒಂದು ಭಾಗಕ್ಕಿಂತ ಹೆಚ್ಚು ಇಡಬೇಡ ಎನ್ನುತ್ತದೆ ಅದು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಮುಳುಗಿದೆ.

ಒಂದು ಗುರುವಾರದ ಕಥೆ ಹೇಳಿದರೆ ಸಾಕು. ಗುರುವಾರವೆಂದರೆ ಆಗ ನಿಫ್ಟಿಯ ವಾರದ ಆಪ್ಷನ್‌ಗಳ ಆಯುಷ್ಯ ಮುಗಿಯುವ ದಿನ. ಬೆಳಿಗ್ಗೆ 40 ರೂಪಾಯಿಯಂತೆ ಹತ್ತು ಲಾಟ್ ಕೊಂಡೆ. ಆಗ ಒಂದು ಲಾಟಿಗೆ 50, ಒಟ್ಟು 20,000 ರೂಪಾಯಿ. ಹನ್ನೊಂದಕ್ಕೆ ಬೆಲೆ 25ಕ್ಕೆ ಇಳಿಯಿತು. 'ಅಗ್ಗವಾಗಿ ಸಿಗುತ್ತಿದೆ' ಅಂತ ಇನ್ನೂ ಹತ್ತು ಲಾಟ್. ಎರಡು ಗಂಟೆಗೆ 10 ರೂಪಾಯಿ. ಮೀಟಿಂಗ್ ಬಿಟ್ಟು ಆಫೀಸಿನ ಮೆಟ್ಟಿಲ ಮೇಲೆ ಕೂತು ಇಪ್ಪತ್ತು ಲಾಟ್ ಕೊಂಡೆ. ಮೂರೂವರೆಗೆ ಅದರ ಬೆಲೆ ಸೊನ್ನೆ. ಒಂದೇ ದಿನ 42,500. ಸಂಬಳ ಸಾಲದೆ ಮುಂದಿನ ವಾರ ಮುಟ್ಟಿದ್ದು ತಂಗಿಯ ಬಿ.ಎಡ್. ಶುಲ್ಕವನ್ನು. ಅಪ್ಪ ಕೊಬ್ಬರಿ ಮಾರಿ, 'ನಿನ್ನ ಹತ್ರನೇ ಇರ್ಲಿ, ಟೈಮಿಗೆ ಕಟ್ಬಿಡು' ಅಂತ ನನ್ನ ಖಾತೆಗೆ ಹಾಕಿದ್ದ 75,000 ರೂಪಾಯಿ ಅದು. ಐದು ತಿಂಗಳಲ್ಲಿ ಅದೂ ಉಳಿಯಲಿಲ್ಲ.

ಹುಣಸೆ ಬೀಜದಲ್ಲಿ ಅಷ್ಟು ಶಿಸ್ತಾಗಿ ಎಲೆ ಮುಚ್ಚುತ್ತಿದ್ದವನಿಗೆ ಇಲ್ಲೇನಾಯಿತು? ತುಂಬಾ ದಿನ ಯೋಚಿಸಿದ್ದೇನೆ. ಎರಡೂ ಆಟಗಳ ಹೋಲಿಕೆಯಷ್ಟನ್ನೇ ನೋಡಿದ್ದೆ, ವ್ಯತ್ಯಾಸ ನೋಡಿರಲಿಲ್ಲ. ಪೋಕರಿನಲ್ಲಿ ಎದುರಿನವನು ಪಂದ್ಯ ಏರಿಸಿದರೆ, ಆಟದಲ್ಲಿ ಉಳಿಯಲು ನಾನು ಇನ್ನಷ್ಟು ಬೀಜ ಎಣಿಸಿ ಮುಂದೆ ತಳ್ಳಬೇಕು. ಕೈ ತಡೆಯುತ್ತದೆ, ತಡೆದಾಗ ಬುದ್ಧಿ ಕೆಲಸ ಮಾಡುತ್ತದೆ. ಸುಮ್ಮನೆ ಬಿಟ್ಟುಕೊಟ್ಟರೆ ಆಟದಿಂದ ಹೊರಗೆ. ಮಾರುಕಟ್ಟೆಯಲ್ಲಿ ಇದು ತಲೆಕೆಳಗು. ಅಲ್ಲಿ ಸುಮ್ಮನಿದ್ದರೆ ಆಟದೊಳಗೇ ಇರುತ್ತೇವೆ. ಹೊರಬರಲು ಗುಂಡಿ ಒತ್ತಬೇಕು, ಒತ್ತಿದ ಕ್ಷಣ ನಷ್ಟ ನಿಜವಾಗುತ್ತದೆ. ಒತ್ತದಿರುವಷ್ಟು ಹೊತ್ತು 'ಇನ್ನೂ ಸೋತಿಲ್ಲ' ಎಂದು ಹೇಳಿಕೊಳ್ಳಬಹುದು. ಪೋಕರಿನಲ್ಲಿ ಸೋಮಾರಿತನ ನನ್ನನ್ನು ಕಾಯುತ್ತಿತ್ತು. ಇಲ್ಲಿ ಅದೇ ಸೋಮಾರಿತನ ನನ್ನನ್ನು ತಿಂದಿತು.

ಇನ್ನೊಂದಿದೆ. ಪೋಕರಿನಲ್ಲಿ ಎಲೆ ನೋಡುವ ಮುಂಚೆಯೇ ಸರದಿಯ ಪ್ರಕಾರ ಕಡ್ಡಾಯವಾಗಿ ಸ್ವಲ್ಪ ಹಾಕಬೇಕು. ಕಾಯುವುದಕ್ಕೂ ಬೆಲೆ ಇದೆ. ಮಾರುಕಟ್ಟೆ ಆ ಸುಂಕ ಕೇಳುವುದಿಲ್ಲ, ವರ್ಷಗಟ್ಟಲೆ ಬಿಟ್ಟಿಯಾಗಿ ಕಾಯಬಹುದು. ಬಿಟ್ಟಿ ಸಿಕ್ಕಿದ್ದನ್ನೇ ನನಗೆ ಬಳಸಿಕೊಳ್ಳಲಾಗಲಿಲ್ಲ. ಜೊತೆಗೆ, ಹಾಸ್ಟೆಲಿನಲ್ಲಿ ಎದುರಿಗಿದ್ದ ನಾಲ್ವರ ಮುಖ ಗೊತ್ತಿತ್ತು, ಎಲೆಗಳು 52 ಎಂದು ಗೊತ್ತಿತ್ತು. ಇಲ್ಲಿ ಎಲೆಗಳೆಷ್ಟು ಎಂಬುದೇ ಗೊತ್ತಿಲ್ಲ, ಎದುರಿಗಿರುವುದು ಎಷ್ಟೋ ಸಲ ಕಂಪ್ಯೂಟರು. ಷೇರು ಕೊಂಡು ಇಟ್ಟುಕೊಂಡವನಿಗೆ ಕಂಪನಿಯ ದುಡಿಮೆಯಲ್ಲಿ ಪಾಲು ಸಿಗಬಹುದು. ಆಪ್ಷನ್ನಿನಲ್ಲಿ ಒಬ್ಬನ ಲಾಭ ಇನ್ನೊಬ್ಬನ ನಷ್ಟ, ಮೇಲೆ ದಲ್ಲಾಳಿ ಶುಲ್ಕ, ತೆರಿಗೆ. ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದರ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಆಡಿದ ಒಂದು ಕೋಟಿಗೂ ಹೆಚ್ಚು ಜನಸಾಮಾನ್ಯರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡಿದ್ದರು. ಸರಾಸರಿ ನಷ್ಟ ಸುಮಾರು ಎರಡು ಲಕ್ಷ. ಓದಿ ನಗು ಬಂತು. ನಾನು ಅಷ್ಟು ಸರಾಸರಿ ಮನುಷ್ಯ.

ಜೂಜು ಎಂದರೆ ನಮಗೆ ಧರ್ಮರಾಯನೇ ನೆನಪಾಗುತ್ತಾನೆ. ನನಗೀಗ ನಳ ಹತ್ತಿರದವನು. ರಾಜ್ಯ ಸೋತು ಸಾರಥಿಯಾಗಿದ್ದ ಅವನಿಗೆ ಋತುಪರ್ಣ ರಾಜ ದಾರಿಯಲ್ಲಿ ಒಂದು ತಾರೆ ಮರ ತೋರಿಸಿ ಅದರ ಎಲೆ, ಕಾಯಿಗಳ ಸಂಖ್ಯೆ ಹೇಳುತ್ತಾನೆ. ಹಿಂದೆ ದಾಳವಾಗಿ ಬಳಸುತ್ತಿದ್ದದ್ದೂ ತಾರೆಕಾಯಿಯನ್ನೇ. ನಳ ನಂಬುವುದಿಲ್ಲ. ರಥ ನಿಲ್ಲಿಸಿ, ಇಳಿದು, ಎಣಿಸಿ ನೋಡುತ್ತಾನೆ. ಲೆಕ್ಕ ಸರಿಯಿರುತ್ತದೆ. ಆ ವಿದ್ಯೆ ಕಲಿತಾಗಲೇ ಕಲಿ ಅವನನ್ನು ಬಿಟ್ಟು ಹೋಗುವುದು. ನನಗೆ ಇಷ್ಟವಾಗುವುದು ಗೆದ್ದ ನಳನಲ್ಲ, ರಥ ನಿಲ್ಲಿಸಿ ಇಳಿದ ನಳ.

ನಾನು ಇಳಿದದ್ದು ತಂಗಿಯ ಫೋನಿನಿಂದ. "ಅಣ್ಣ, ನಾಳೆ ಕೊನೇ ದಿನ, ಕಟ್ಟಿದ್ಯಾ?" ಅಂದಳು. ಸುಳ್ಳು ಹೇಳಲು ಬಾಯಿ ತೆರೆದೆ, ಬರಲಿಲ್ಲ. ಎಲ್ಲ ಹೇಳಿದೆ. ಅವಳು ಬೈಯಲಿಲ್ಲ, ಅಳಲೂ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಅಪ್ಪಂಗೆ ನೀನೇ ಹೇಳು" ಅಂದು ಫೋನಿಟ್ಟಳು. ಶುಲ್ಕಕ್ಕೆ ಆಫೀಸಿನ ಗೆಳೆಯನ ಹತ್ತಿರ ಸಾಲ ಮಾಡಿದೆ. ಅಪ್ಪನಿಗೆ ಹೇಳುವುದಕ್ಕೆ ಊರಿಗೇ ಹೋದೆ.

ಈಗ ಸಂಬಳ ಬಂದ ದಿನವೇ ಉಳಿತಾಯದ ಪಾಲನ್ನು ತಂಗಿಯ ಖಾತೆಗೆ ಕಳಿಸುತ್ತೇನೆ. ಅವಳು ಪ್ರತಿ ಸಲ "ಬಂತು" ಎಂದಷ್ಟೇ ಮೆಸೇಜು ಹಾಕುತ್ತಾಳೆ. ಮೊದಲಿನಂತೆ ಮಾತಿಗೆ ಕೂರಲು ಇನ್ನೂ ಸ್ವಲ್ಪ ದಿನ ಬೇಕೇನೋ. ಹೋದ ಯುಗಾದಿಗೆ ಊರಿಗೆ ಹೋದಾಗ ಮಾವ ಎಂದಿನಂತೆ ಪರ್ಸನ್ನು ಅತ್ತೆಯ ಕೈಗೆ ಕೊಡುತ್ತಿದ್ದ. ಅಷ್ಟು ವರ್ಷ ನೋಡಿಯೂ ನಾನು ಕಾಣದ್ದು ಆಗ ಕಂಡಿತು. ಎದ್ದು ಬರುವ ಮನಸ್ಸು ಮಾವನಿಗೂ ಇರಲಿಲ್ಲ. ಅದು ಗೊತ್ತಿದ್ದರಿಂದಲೇ ಅವನು ಪರ್ಸು ಬಿಟ್ಟು ಹೋಗುತ್ತಿದ್ದ.