ಕುದಿಯದ ಹಾಲಿನ ಕಾಫಿ

‘ಫ್ಲಾಟ್ ವೈಟ್’ ಎಂಬ ಹೆಸರನ್ನು ಕೇಳಿದೊಡನೆ ನಮ್ಮ ಓದುಗ ಬಂಧುಗಳಲ್ಲಿ ಹಲವರಿಗೆ ಗೋಡೆಗೆ ಬಳಿಯುವ ಬಣ್ಣದ ನೆನಪಾದರೆ ಆಶ್ಚರ್ಯವಿಲ್ಲ. ಅದು ಒಂದು ಬಗೆಯ ಕಾಫಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ದೇಶಗಳೆರಡೂ ಅದನ್ನು ತಮ್ಮದೆನ್ನುತ್ತವೆ. 1985ರಲ್ಲಿ ಸಿಡ್ನಿಯ ತಮ್ಮ ಅಂಗಡಿಯಲ್ಲಿ ಆ ಹೆಸರಿಟ್ಟು ಮಾರಿದವರು ತಾವೆಂದು ಅಲನ್ ಪ್ರೆಸ್ಟನ್ ಎಂಬುವರು ಹೇಳಿದರೆ, 1989ರಲ್ಲಿ ವೆಲ್ಲಿಂಗ್ಟನ್ ನಗರದಲ್ಲಿ ನೊರೆ ಏಳದ ಕ್ಯಾಪುಚಿನೊ ಒಂದರಿಂದ ಅದು ಹುಟ್ಟಿತೆಂಬುದು ಫ್ರೇಸರ್ ಮೆಕಿನ್ಸ್ ಎಂಬುವರ ವಾದ. ಮೈಸೂರುಪಾಕು ಯಾರದೆಂಬ ಜಗಳದಂತೆ ಇದೂ ಮುಗಿಯುವ ಹಾಗಿಲ್ಲ.

2023ರ ಜೂನ್ ತಿಂಗಳಲ್ಲಿ ಯಜಮಾನರೂ ನಾವೂ ತರೀಕೆರೆಯ ಮನೆಗೆ ಬೀಗ ಹಾಕಿ, ಮೆಲ್ಬರ್ನ್ ನಗರದಲ್ಲಿರುವ ಮಗನ ಮನೆಗೆ ಆರು ತಿಂಗಳ ಮಟ್ಟಿಗೆ ಹೋಗಿದ್ದೆವು. ಅಲ್ಲಿ ಅದು ಚಳಿಗಾಲ. ಏಳು ಗಂಟೆಯಾದರೂ ಬೆಳಕು ಹರಿಯದು. ಸೊಸೆ ಆಸ್ಪತ್ರೆಯಲ್ಲಿ ದಾದಿ. ಬೆಳಗಿನ ಪಾಳಿ ಇದ್ದ ದಿನಗಳಲ್ಲಿ ಆರೂಕಾಲಿಗೆ ಕತ್ತಲಲ್ಲೇ ಹೊರಟು, ರೈಲು ನಿಲ್ದಾಣದ ಬಳಿ ಕಾಗದದ ಲೋಟದಲ್ಲಿ ಈ ಕಾಫಿಯನ್ನು ಕೊಂಡು ಹೋಗುವಳು. ಸಂಜೆ ಬರುವಾಗ ದಣಿದಿರುವಳು. ಒಳ್ಳೆಯ ಹುಡುಗಿ; ನಮಗೆ ಯಾವುದಕ್ಕೂ ಕೊರತೆ ಮಾಡಿದವಳಲ್ಲ. ಆದರೆ ಮಾತಿಗೆ ಸಮಯವೆಲ್ಲಿ? ಪಾತ್ರೆ ತೊಳೆಯಲು ಯಂತ್ರ, ಬಟ್ಟೆ ಒಗೆಯಲು ಯಂತ್ರ, ತರಕಾರಿಯೂ ಹೆಚ್ಚಿಟ್ಟೇ ಸಿಗುವ ಊರು. ಜೀವಮಾನವಿಡೀ ದುಡಿದವರಿಗೆ ಕಾಯಕವಿಲ್ಲದೆ ಕುಳಿತು ಉಣ್ಣುವುದೆಷ್ಟು ಭಾರವೆಂಬುದನ್ನು ಮಕ್ಕಳ ಮನೆಗೆ ಹೋಗಿಬಂದ ಹಿರಿಯರೇ ಬಲ್ಲರು.

ಅಡಿಗೆಮನೆಯ ಮೂಲೆಯಲ್ಲಿ ಒಂದು ಎಸ್ಪ್ರೆಸೊ ಯಂತ್ರ ಬಟ್ಟೆ ಹೊದ್ದು ಕುಳಿತಿತ್ತು. ಆಸೆಪಟ್ಟು ಕೊಂಡಿದ್ದರಂತೆ, ಬಳಸಲು ಇಬ್ಬರಿಗೂ ಪುರುಸೊತ್ತಿಲ್ಲ. ನಾಲ್ಕೂವರೆಗೇ ಎದ್ದು ಕೂರುವ ನಮಗೆ ಪುರುಸೊತ್ತಲ್ಲದೆ ಬೇರೇನಿತ್ತು? ಒಂದು ಭಾನುವಾರ ಸೊಸೆಯನ್ನು ಕೂರಿಸಿಕೊಂಡು ಕಲಿತೆವು.

ಕಾಫಿಪುಡಿಯ ಭಾಗವನ್ನು ಯಜಮಾನರು ವಹಿಸಿಕೊಂಡರು. ಚಿಕೋರಿ ಇಲ್ಲದ ಶುದ್ಧ ಬೀಜ, ಸಣ್ಣಗೆ ಬೀಸಿದ್ದು, 18 ಗ್ರಾಂ. ಅದನ್ನು ಬಟ್ಟಲಿನಲ್ಲಿ ಸಮನಾಗಿ ಅದುಮಬೇಕು. ಯಂತ್ರವು ಸುಮಾರು 9 ವಾಯುಭಾರದ ಒತ್ತಡದಲ್ಲಿ ಬಿಸಿನೀರನ್ನು ನುಗ್ಗಿಸಿದಾಗ 25 ರಿಂದ 30 ಸೆಕೆಂಡುಗಳಲ್ಲಿ 36 ಗ್ರಾಂನಷ್ಟು ಕಷಾಯ ಇಳಿಯಬೇಕು. ಬೇಗ ಇಳಿದರೆ ಪುಡಿ ದಪ್ಪವಾಯಿತೆಂದೂ, ತಡವಾದರೆ ತೀರ ನುಣ್ಣಗಾಯಿತೆಂದೂ ತಿಳಿಯುವುದು. ನಮ್ಮ ಫಿಲ್ಟರಿನಲ್ಲಿ ರಾತ್ರಿಯಿಡೀ ತೊಟ್ಟಿಕ್ಕುವ ಡಿಕಾಕ್ಷನ್ ಇಲ್ಲಿ ಅರ್ಧ ನಿಮಿಷದ ವ್ಯವಹಾರ.

ಹಾಲು ನಮ್ಮ ಪಾಲಿನದು, ಮತ್ತು ಫ್ಲಾಟ್ ವೈಟಿನ ಮರ್ಮವೆಲ್ಲ ಹಾಲಿನಲ್ಲಿಯೇ ಇದೆ. “ಅತ್ತೆ, ಹಾಲು ಮಾತ್ರ ಕುದೀಬಾರದು” ಎಂದು ಸೊಸೆ ಮೊದಲೇ ಹೇಳಿದಳು. ಗೃಹಪ್ರವೇಶದಂದು ಹಾಲುಕ್ಕಿಸಿ ಒಳಗೆ ಕಾಲಿಡುವ ಜನ ನಾವು. ಕುದಿಯದ ಹಾಲನ್ನು ಮನೆಯವರಿಗೆ ಕೊಡಲು ಮನಸ್ಸು ಒಪ್ಪಲಿಲ್ಲ. ಅಲ್ಲಿಯ ಅಂಗಡಿಯ ಹಾಲನ್ನು ಮೊದಲೇ 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿ ತಣಿಸಿರುತ್ತಾರೆಂದು ಅವಳು ಬಿಡಿಸಿ ಹೇಳಿದ ಮೇಲೆ ಸಮಾಧಾನವಾಯಿತು. ತಂಪುಪೆಟ್ಟಿಗೆಯಿಂದ ಆಗತಾನೆ ತೆಗೆದ ಹಾಲನ್ನು ಉಕ್ಕಿನ ಜಗ್ಗಿಗೆ ಸುರಿದು, ಹಬೆಯ ಕೊಳವೆಯ ತುದಿಯನ್ನು ಹಾಲಿನ ಮೇಲ್ಮೈಗೆ ತಾಗಿಸಿ ಹಿಡಿಯಬೇಕು. ಕಾಗದ ಹರಿದಂತೆ ಚರ್ ಚರ್ ಎಂಬ ಸದ್ದು ಮೂರು ನಾಲ್ಕು ಸೆಕೆಂಡು ಬಂದರೆ ಸಾಕು; ಅಷ್ಟೇ ಗಾಳಿ ಅದಕ್ಕೆ ಬೇಕಾದದ್ದು. ಆಮೇಲೆ ತುದಿಯನ್ನು ಒಳಗಿಳಿಸಿ ಹಾಲು ಸುಳಿಯಾಗಿ ತಿರುಗುವಂತೆ ಮಾಡಿದರೆ ದೊಡ್ಡ ಗುಳ್ಳೆಗಳೆಲ್ಲ ಒಡೆದು ಕಣ್ಣಿಗೆ ಕಾಣದಷ್ಟು ಸಣ್ಣವಾಗುವುವು. ಜಗ್ಗಿನ ಮೈಗೆ ಅಂಗೈ ಇಟ್ಟಿದ್ದು, ಇನ್ನು ತಾಳದೆನಿಸಿದ ಎರಡು ಮೂರು ಕ್ಷಣಕ್ಕೆ ಹಬೆಯನ್ನು ನಿಲ್ಲಿಸಬೇಕು. ಆಗ ಹಾಲು 60 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ತಾನಾಗಿಯೇ ಸಿಹಿಯೆನಿಸುತ್ತದೆ. 70 ದಾಟಿತೆಂದರೆ ಆ ಸವಿ ಹೋಗಿ ಕಾಯಿಸಿದ ಹಾಲಿನ ವಾಸನೆ ಬರುವುದು. (ನಮಗೇನೋ ಆ ವಾಸನೆಯೇ ಇಷ್ಟ; ಅದು ಬೇರೆ ಮಾತು.) ಜಗ್ಗನ್ನೊಮ್ಮೆ ಕುಟ್ಟಿ, ಹಾಲು ಹೊಸ ಬಣ್ಣದಂತೆ ಮಿರುಗುವವರೆಗೆ ತಿರುಗಿಸಿ, ಸುಮಾರು 160 ಮಿಲಿಲೀಟರಿನ ಬಟ್ಟಲಿನಲ್ಲಿರುವ ಕಷಾಯದ ಮೇಲೆ ಮೆಲ್ಲನೆ ಸುರಿದರೆ ಆಯಿತು. ಮೇಲೆ ನಿಲ್ಲುವ ಕೆನೆಪದರ ತೀರ ತೆಳು. ಎತ್ತಿ ಸುರಿದು ನೊರೆಯ ಗೋಪುರ ಕಟ್ಟುವ ನಮ್ಮ ಕೈಗೆ ಈ ಸಂಯಮ ಒಗ್ಗಲು ಎರಡು ವಾರ ಹಿಡಿಯಿತು.

ಅಂದಿನಿಂದ ಪಾಳಿಯ ದಿನಗಳಲ್ಲಿ ಸೊಸೆ ಅಂಗಡಿಯ ಲೋಟವನ್ನು ಬಿಟ್ಟು ಐದು ಮುಕ್ಕಾಲಿಗೆ ಅಡಿಗೆಮನೆಯ ಮೇಜಿನ ಮುಂದೆ ಕುಳಿತಳು. ಹದಿನೈದು ನಿಮಿಷ, ಅಷ್ಟೇ. ಮೊದಮೊದಲು ಹವೆಯ ಮಾತು, ರೈಲಿನ ಮಾತು. ಆಗಸ್ಟ್ ತಿಂಗಳ ಒಂದು ಬೆಳಗ್ಗೆ, ಹಿಂದಿನ ವರ್ಷ ಮೂರು ತಿಂಗಳಿಗೇ ಕಳೆದುಹೋದ ಬಸಿರಿನ ವಿಷಯವನ್ನು ಹೇಳಿದಳು. ಊರಿನವರು ನೊಂದುಕೊಂಡಾರೆಂದು ಗಂಡಹೆಂಡಿರಿಬ್ಬರೂ ಫೋನಿನಲ್ಲಿ ಆ ಮಾತೆತ್ತದೆ, ನಗುನಗುತ್ತಲೇ ಮಾತನಾಡಿದ್ದರು. “ಹೇಳೋಣ ಅಂತ ಎಷ್ಟೋ ಸಲ ಅಂದ್ಕೊಂಡೆ ಅತ್ತೆ, ಫೋನಲ್ಲಿ ಬಾಯಿ ಬರಲಿಲ್ಲ” ಎಂದಳು. ಯಜಮಾನರು ಏನೂ ತೋಚದೆ ಇನ್ನೊಂದು ಬಟ್ಟಲಿಗೆ ಪುಡಿ ತೂಗತೊಡಗಿದರು. ಅಂದು ಅವಳು ಒಂದು ರೈಲನ್ನು ತಪ್ಪಿಸಿಕೊಂಡು ಮುಂದಿನದಕ್ಕೆ ಹೋದಳು. ಅವಳ ಒಪ್ಪಿಗೆ ಪಡೆದೇ ಇದನ್ನು ಇಲ್ಲಿ ಬರೆದಿದ್ದೇವೆ.

ಡಿಸೆಂಬರಿನಲ್ಲಿ ಊರಿಗೆ ಮರಳಿದೆವು. ತರೀಕೆರೆಯಲ್ಲಿ ಅಂಥ ಯಂತ್ರ ನಮಗೇಕೆ? ಬಾಬಾಬುಡನ್‌ಗಿರಿಯ ತಪ್ಪಲಿನ ಬೀಜದ ಪುಡಿಯನ್ನು ಫಿಲ್ಟರಿಗೆ ಹಾಕಿ, ಮೊದಲು ಇಳಿದ ಗಟ್ಟಿ ಡಿಕಾಕ್ಷನ್ನನ್ನಷ್ಟೇ ತೆಗೆದುಕೊಳ್ಳುತ್ತೇವೆ. ಇಲ್ಲಿ ಮನೆಗೆ ಬರುವುದು ಕರೆದ ಹಾಲಾದ್ದರಿಂದ ಮೊದಲು ಕುದಿಸಲೇಬೇಕು. ಕುದಿಸಿ, ಆರಿಸಿ, ಕೆನೆ ತೆಗೆದು, ತಂಪು ಮಾಡಿಟ್ಟು, ಬೇಕಾದಾಗ ಕೈ ಸುಡುವಷ್ಟು ಮಾತ್ರ ಬಿಸಿ ಮಾಡುತ್ತೇವೆ. ಸೊಸೆ ಕೊಟ್ಟ, ಜಾಲರಿಯ ಒತ್ತುಗೋಲಿರುವ ಗಾಜಿನ ಕಾಫಿಪಾತ್ರೆಗೆ ಆ ಹಾಲನ್ನು ಸುರಿದು ಹದಿನೈದು ಇಪ್ಪತ್ತು ಬಾರಿ ಮೇಲೆ ಕೆಳಗೆ ಆಡಿಸಿದರೆ ನುಣುಪಾದ ನೊರೆ ಬರುತ್ತದೆ. ಒತ್ತಡವಿಲ್ಲದ ಕಷಾಯವಾದ್ದರಿಂದ ಇದನ್ನು ನಿಜವಾದ ಫ್ಲಾಟ್ ವೈಟ್ ಎನ್ನಲಾಗದು. ಕುಡಿಯಲು ಮಾತ್ರ ಏನೂ ಕಡಿಮೆಯಿಲ್ಲ. ಮೊನ್ನೆ ಪಕ್ಕದ ಮನೆಯ ಅಕ್ಕನವರಿಗೆ ಕೊಟ್ಟೆವು. ಒಂದು ಗುಟುಕು ಕುಡಿದು, “ಚೆನ್ನಾಗಿದೆ ಕಣ್ರೀ, ಆದರೆ ಬಿಸಿಯೇ ಇಲ್ಲವಲ್ಲ” ಎಂದು ಲೋಟವನ್ನು ಹಿಡಿದುಕೊಂಡು ನೇರವಾಗಿ ಒಲೆಯ ಕಡೆಗೆ ನಡೆದರು.