ನಾಲ್ಕೂವರೆ ಗಂಟೆಯ ದಾರಿ

ಗುಂಡ್ಲುಪೇಟೆಯಲ್ಲಿ ಅಧ್ಯಾಪಕನಾಗಿದ್ದಾಗ ಪ್ರತಿ ಶನಿವಾರ ಶಾಲೆ ಮುಗಿಸಿ, ತೆರಕಣಾಂಬಿಯ ಮಾರ್ಗವಾಗಿ ತಾಯಿಯವರನ್ನು ಕಾಣಲು ಚಾಮರಾಜನಗರಕ್ಕೆ ಬರುತ್ತಿದ್ದೆನು. ದೂರ ಸುಮಾರು 35 ಕಿಲೋಮೀಟರು. ಅವರಿಗೆ ನಾನು ತಿಳಿಸುತ್ತಿದ್ದುದು ಬಸ್ಸು ಓಡುವ ಹೊತ್ತನ್ನಲ್ಲ, ಮನೆಯ ಬಾಗಿಲಿಗೆ ಬರುವ ಹೊತ್ತನ್ನು. ಈ ಸಣ್ಣ ವಿವೇಕವು ದೊಡ್ಡ ಪ್ರಯಾಣವೊಂದರ ವಿಷಯದಲ್ಲಿ ನನ್ನನ್ನು ಕೈಬಿಟ್ಟಿತು.

ನನ್ನ ತಮ್ಮನು ಉದ್ಯೋಗಾರ್ಥವಾಗಿ ಸಿಂಗಪುರಕ್ಕೆ ಹೋದನು. ಬೆಂಗಳೂರಿನಿಂದ ಆಗ್ನೇಯಕ್ಕೆ, ಬಂಗಾಳ ಕೊಲ್ಲಿಯನ್ನು ದಾಟಿ, ಆಕಾಶಮಾರ್ಗದಲ್ಲಿ ಸುಮಾರು 3,200 ಕಿಲೋಮೀಟರು. ವಿಮಾನಕ್ಕೆ ನಾಲ್ಕೂವರೆ ಗಂಟೆಯ ದಾರಿ. ಘಳಿಗೆಯೊಂದಕ್ಕೆ 24 ನಿಮಿಷವಾದ್ದರಿಂದ, ಹನ್ನೊಂದೂಕಾಲು ಘಳಿಗೆಯೆಂದು ತಾಯಿಯವರಿಗೆ ಲೆಕ್ಕ ಹೇಳಿದೆನು. “ಹಂಗಾದ್ರೆ ಬೆಂಗ್ಳೂರಷ್ಟೇ ದೂರ ಕಣಪ್ಪ” ಎಂದು ಅವರು ಸಮಾಧಾನಪಟ್ಟರು.

ಜ್ಯೋತಿಷಗಣಿತವನ್ನು ಅಷ್ಟಿಷ್ಟು ಓದಿದ್ದ ನನಗೆ ಇಂತಹ ಲೆಕ್ಕಗಳಲ್ಲಿ ಅಭಿಮಾನವಿತ್ತು. ಭೂಮಿಯು ಘಳಿಗೆಗೆ ಆರು ಅಂಶ ತಿರುಗುತ್ತದೆ. ಚಾಮರಾಜನಗರಕ್ಕೂ ಸಿಂಗಪುರಕ್ಕೂ ರೇಖಾಂಶದ ಅಂತರ ಸುಮಾರು 27 ಅಂಶ. ಅಂದರೆ ಸೂರ್ಯನ ಲೆಕ್ಕದಲ್ಲಿ ನಾಲ್ಕೂವರೆ ಘಳಿಗೆ, 1 ಗಂಟೆ 48 ನಿಮಿಷ. ಆದರೆ ಸಿಂಗಪುರದವರು 1982ರ ಆರಂಭದಿಂದ ತಮ್ಮ ಗಡಿಯಾರವನ್ನು ಗ್ರೀನಿಚ್ಚಿಗಿಂತ 8 ಗಂಟೆ ಮುಂದಿಟ್ಟಿದ್ದಾರೆ. ನಮ್ಮದು ಐದೂವರೆ ಗಂಟೆ ಮುಂದು. ಆದಕಾರಣ ಗಡಿಯಾರದ ಅಂತರ ಎರಡೂವರೆ ಗಂಟೆ. ಇವೆಲ್ಲವೂ ನನಗೆ ಕಂಠಸ್ಥವಾಗಿದ್ದವು.

2012ರಲ್ಲಿ ಒಂದು ದಿನ ಬೆಳಗಿನ ಜಾವ ನಾಲ್ಕಕ್ಕೆ ತಾಯಿಯವರು ತೀರಿಕೊಂಡರು. ತಮ್ಮನಿಗೆ ದೂರವಾಣಿಯಲ್ಲಿ ತಿಳಿಸಿದೆನು. “ಅಣ್ಣ, ಇಲ್ಲಿಯ ಹನ್ನೊಂದರ ವಿಮಾನಕ್ಕೆ ಹೊರಡುತ್ತೇನೆ. ಅವ್ವನ ಮುಖ ನೋಡಬೇಕು” ಎಂದನು. ಹನ್ನೊಂದಕ್ಕೆ ನಾಲ್ಕೂವರೆ ಕೂಡಿಸಿ, ಎರಡೂವರೆ ಕಳೆದೆನು: ಮಧ್ಯಾಹ್ನ ಒಂದು ಗಂಟೆ. ನಾಲ್ಕಕ್ಕೆಲ್ಲ ಮನೆಯಲ್ಲಿರುತ್ತಾನೆಂದು ಬಂಧುಗಳಿಗೆ ಸಾರಿದೆನು. ಪಂಡಿತರ ಲೆಕ್ಕವೆಂದು ಎಲ್ಲರೂ ನಂಬಿದರು.

ವಿಮಾನವು ಒಂದಕ್ಕೇ ಇಳಿಯಿತು. ಆದರೆ ಬೆಂಗಳೂರಿನ ವಿಮಾನ ನಿಲ್ದಾಣವು 2008ರಿಂದ ದೇವನಹಳ್ಳಿಯ ಬಳಿ, ನಗರದ ಉತ್ತರಕ್ಕಿದೆ. ನಮ್ಮ ಊರು ದಕ್ಷಿಣದ ಗಡಿಯಲ್ಲಿದೆ. ನಡುವೆ ಇನ್ನೂರು ಕಿಲೋಮೀಟರಿಗೂ ಮಿಕ್ಕ ರಸ್ತೆ. ಪಾಸ್‌ಪೋರ್ಟಿನ ತಪಾಸಣೆ ಮುಗಿಸಿ ಹೊರಬರಲು ಒಂದು ಗಂಟೆ, ನಗರವನ್ನು ಹಾಯ್ದು ಊರು ಸೇರಲು ಐದು ಗಂಟೆ. ಇವು ನನ್ನ ಲೆಕ್ಕದಲ್ಲಿ ಸೇರಿರಲಿಲ್ಲ. ನಾಲ್ಕಾಯಿತು, ಐದಾಯಿತು. ಗುಂಡ್ಲುಪೇಟೆಯಿಂದ ಬಂದ ವೃದ್ಧರು ಹಿಂದಿರುಗಬೇಕಾಗಿತ್ತು. ಕತ್ತಲಾಗುವ ಮೊದಲೇ ಕಾರ್ಯ ಮುಗಿಯಲೆಂದು ಹಿರಿಯರು ಒತ್ತಾಯಿಸಿದರು. ನಾನು ಒಪ್ಪಿದೆನು. ಮೊದಲೇ ಏಳು ಗಂಟೆಯೆಂದು ಹೇಳಿದ್ದರೆ ದೀಪ ಹಿಡಿದಾದರೂ ಕಾಯುತ್ತಿದ್ದರು.

ಏಳಕ್ಕೆ ತಮ್ಮನು ಬಂದನು. ಹಸಿಮಣ್ಣಿನ ಬಳಿ ಬಹಳ ಹೊತ್ತು ನಿಂತಿದ್ದು, “ವಿಮಾನ ತಡವಾಗಲಿಲ್ಲ, ಅಣ್ಣ” ಎಂದಷ್ಟೇ ಹೇಳಿದನು. ಆ ಮಾತಿನಲ್ಲಿ ದೂಷಣೆಯಿರಲಿಲ್ಲ. ಆದರೂ ಅದು ಈಗಲೂ ನನ್ನ ಕಿವಿಯಲ್ಲಿದೆ.

ಈ ಶಾಲೆಯ ಮಕ್ಕಳಲ್ಲಿ ಹಲವರು ನಾಳೆ ದೂರದೇಶಗಳಿಗೆ ಹೋಗುವವರೇ. ಅವರಿಗೂ, ಅವರನ್ನು ಕಳುಹಿಸುವ ಹಿರಿಯರಿಗೂ ನನ್ನ ವಿನಂತಿ ಇಷ್ಟೇ: ದಾರಿಯನ್ನು ವಿಮಾನ ನಿಲ್ದಾಣದಿಂದ ವಿಮಾನ ನಿಲ್ದಾಣಕ್ಕೆ ಎಣಿಸಬೇಡಿ, ಹೊಸ್ತಿಲಿನಿಂದ ಹೊಸ್ತಿಲಿಗೆ ಎಣಿಸಿರಿ. ಸಿಂಗಪುರವು ನಮ್ಮ ಮನೆಗೆ ನಾಲ್ಕೂವರೆ ಗಂಟೆಯ ದೂರದಲ್ಲಿಲ್ಲ. ಅದನ್ನು ನಮ್ಮ ತಾಯಿಯವರಿಗೆ ಸರಿಯಾಗಿ ಹೇಳಲು ನನ್ನಿಂದಾಗಲಿಲ್ಲ.